ತಲಪಾಡಿಯಿಂದ ಚೆರ್ವತ್ತೂರಿಗೆ ಒಂದೇ ಸಂಖ್ಯೆ

ಬಸ್ಸು ಹತ್ತುವ ಮೊದಲೇ ಒಂದು ಲೆಕ್ಕ ಹೇಳಿಬಿಡುತ್ತೇನೆ. 2024ರ ಅಕ್ಟೋಬರಿನಲ್ಲಿ ಪತ್ತೆಯಾದ, ಮನುಷ್ಯರಿಗೆ ಈತನಕ ಗೊತ್ತಿರುವ ಅತಿ ದೊಡ್ಡ ಅವಿಭಾಜ್ಯ ಸಂಖ್ಯೆಯಲ್ಲಿ 4,10,24,320 ಅಂಕಿಗಳಿವೆ. ಪುಸ್ತಕದಲ್ಲಿ ಅಚ್ಚಾಗುವ ಸಾಧಾರಣ ಅಂಕಿಯೊಂದು ಅಡ್ಡಕ್ಕೆ ಸುಮಾರು ಎರಡು ಮಿಲಿಮೀಟರ್ ಜಾಗ ಹಿಡಿಯುತ್ತದೆ. ಆ ಅಳತೆಯಲ್ಲಿ ಈ ಸಂಖ್ಯೆಯನ್ನು ಒಂದೇ ಸಾಲಿನಲ್ಲಿ ಬರೆಯುತ್ತಾ ಹೋದರೆ ಸಾಲು 82 ಕಿಲೋಮೀಟರ್ ಆಗುತ್ತದೆ. ಕಾಸರಗೋಡು ಜಿಲ್ಲೆಯ ಉದ್ದಕ್ಕೂ ಹಾಯುವ ರಾಷ್ಟ್ರೀಯ ಹೆದ್ದಾರಿ 66 ತಲಪಾಡಿಯಿಂದ ಚೆಂಗಳಕ್ಕೆ 39 ಕಿ.ಮೀ., ಚೆಂಗಳದಿಂದ ನೀಲೇಶ್ವರಕ್ಕೆ 37. ಗಡಿಯ ತಲಪಾಡಿಯಲ್ಲಿ ಮೊದಲ ಅಂಕಿ ಇಟ್ಟರೆ ಮಂಜೇಶ್ವರ, ಕುಂಬಳೆ, ಕಾಸರಗೋಡು, ಪೆರಿಯ, ನೀಲೇಶ್ವರ ಎಲ್ಲ ದಾಟಿ, ಕಾರ್ಯಂಗೋಡು ಹೊಳೆಯನ್ನೂ ದಾಟಿ, ಚೆರ್ವತ್ತೂರಿನ ಹತ್ತಿರ ಎಲ್ಲೋ ಕೊನೆಯ ಅಂಕಿ ಬೀಳುತ್ತದೆ. ಜಿಲ್ಲೆಯ ತೆಂಕಣ ಗಡಿ ಕಾಲಿಕ್ಕಡವಿಗೆ ಆಗ ಸ್ವಲ್ಪವೇ ದಾರಿ ಬಾಕಿ.

ಒಂದು ಸಂಖ್ಯೆ ಒಂದು ಜಿಲ್ಲೆಯಷ್ಟು ಉದ್ದ! ಇದು ಹೊಳೆದ ಮೇಲೆ ಸುಮ್ಮನೆ ಕೂರಲಾಗಲಿಲ್ಲ. ಆ ದಾರಿಯಲ್ಲಿ ಆ ಸಂಖ್ಯೆಯನ್ನು ಮನಸ್ಸಿನಲ್ಲೇ ಹಾಸುತ್ತಾ ಹೋಗಬೇಕೆನಿಸಿತು. ಪ್ರತಿ ಕಿಲೋಮೀಟರಿಗೆ ಐದು ಲಕ್ಷ ಅಂಕಿ. ಸೆಕೆಂಡಿಗೊಂದರಂತೆ ಬಾಯಲ್ಲಿ ಹೇಳುತ್ತಾ ಕೂತರೆ ಊಟ ನಿದ್ದೆ ಬಿಟ್ಟು 475 ದಿನ ಬೇಕು. ಬಸ್ಸಿಗೆ ಅರ್ಧ ಹಗಲು ಸಾಕು.

ಇಷ್ಟು ಉದ್ದದ್ದನ್ನು ಹೇಳುವುದಕ್ಕೆ ಮಾತ್ರ ಒಂದು ಬಸ್ ಟಿಕೆಟಿನ ಹಿಂಬದಿ ಸಾಕು. ಎರಡನ್ನು ಎರಡರಿಂದ ಗುಣಿಸುತ್ತಾ ಹೋಗಿ, ಒಟ್ಟು 13,62,79,841 ಎರಡುಗಳ ಗುಣಲಬ್ಧ ತೆಗೆಯಿರಿ, ಅದರಿಂದ ಒಂದು ಕಳೆಯಿರಿ. ಮುಗಿಯಿತು. ಬಂದದ್ದನ್ನು ಒಂದು ಮತ್ತು ಅದೇ ಸಂಖ್ಯೆ ಬಿಟ್ಟು ಬೇರೆ ಯಾವುದೂ ನಿಶ್ಶೇಷವಾಗಿ ಭಾಗಿಸುವುದಿಲ್ಲ. ಕಂಪ್ಯೂಟರಿನ ದ್ವಿಮಾನ ಪದ್ಧತಿಯಲ್ಲಿ ಬರೆದರಂತೂ ಅದು 13,62,79,841 ಒಂದುಗಳ ಸಾಲು. ನಡುವೆ ಒಂದೇ ಒಂದು ಸೊನ್ನೆ ಇಲ್ಲ.

ತಲಪಾಡಿಯಲ್ಲಿ ಇಳಿದು ಗಡಿಯ ಹತ್ತಿರ ನಿಂತೆ. ಕರ್ನಾಟಕದ ಕಡೆಯ ಟೋಲ್ ಗೇಟು ಹಿಂದೆ, ಮುಂದೆ ಕೇರಳದ ಆರು ಪಥದ ಹೊಸ ರಸ್ತೆ. ನಮ್ಮ ಸಂಖ್ಯೆ ಇಲ್ಲಿ 88169 ಎಂದು ಶುರುವಾಗುತ್ತದೆ. ಇದನ್ನು ತಿಳಿಯಲು ಕಂಪ್ಯೂಟರು ಬೇಡ. ಎರಡರ ಲಾಗರಿದಮ್ಮನ್ನು ಸಾಕಷ್ಟು ದಶಮಾಂಶ ಸ್ಥಾನಗಳವರೆಗೆ ಹಿಡಿದು ಘಾತಾಂಕದಿಂದ ಗುಣಿಸಿದರೆ ಪೆನ್ನು ಕಾಗದದಲ್ಲೇ ಸಿಗುತ್ತದೆ.

ಅಲ್ಲೇ ರಸ್ತೆ ಬದಿಯಲ್ಲಿ ನಿಂತು, ಇಂಥ ಸಂಖ್ಯೆಗಳ ಚರಿತ್ರೆಯನ್ನು ನೆಲದ ಮೇಲೆ ಅಳೆದು ನೋಡಿದೆ. ಎರಡರ ಘಾತದಿಂದ ಒಂದು ಕಳೆದ ಅವಿಭಾಜ್ಯಗಳಿಗೆ ಮರ್ಸೆನ್ ಅವಿಭಾಜ್ಯ ಎಂದು ಹೆಸರು. 1644ರಲ್ಲಿ ಅವುಗಳದೊಂದು ಪಟ್ಟಿ ಕೊಟ್ಟ ಫ್ರೆಂಚ್ ಪಾದ್ರಿ ಮರಾನ್ ಮರ್ಸೆನ್ ನೆನಪಿಗೆ. ಪಟ್ಟಿಯಲ್ಲಿ ತಪ್ಪುಗಳಿದ್ದವು, ಹೆಸರು ಮಾತ್ರ ಉಳಿಯಿತು. 1772ರಲ್ಲಿ ಆಯ್ಲರ್ ಸಾಧಿಸಿದ 214,74,83,647ಕ್ಕೆ ಹತ್ತು ಅಂಕಿ, ಎರಡು ಸೆಂಟಿಮೀಟರ್. 1876ರಲ್ಲಿ ಎಡ್ವರ್ಡ್ ಲ್ಯುಕಾ ಯಂತ್ರವಿಲ್ಲದೆ ಗೆದ್ದ 39 ಅಂಕಿಯ ಸಂಖ್ಯೆ ಎಂಟು ಸೆಂಟಿಮೀಟರ್ ಕೂಡ ಆಗುವುದಿಲ್ಲ. 1978ರಲ್ಲಿ ಕ್ಯಾಲಿಫೋರ್ನಿಯಾದ ಹದಿನೆಂಟರ ಇಬ್ಬರು ಹೈಸ್ಕೂಲ್ ಮಕ್ಕಳು, ಲಾರಾ ನಿಕೆಲ್ ಮತ್ತು ಲ್ಯಾಂಡನ್ ನೋಲ್, 6,533 ಅಂಕಿಯದ್ದನ್ನು ಹಿಡಿದರು: ಹದಿಮೂರು ಮೀಟರ್. 1985ರದ್ದು 130 ಮೀಟರ್. ದೈತ್ಯ ಕ್ರೇ ಕಂಪ್ಯೂಟರುಗಳ ಕೊನೆಯ ದಾಖಲೆ, 1996ರದ್ದು, ಮುಕ್ಕಾಲು ಕಿಲೋಮೀಟರ್. ಯೂಕ್ಲಿಡನ ಕಾಲದಿಂದ 1996ರ ನಡುವಿನ ತನಕದ ಸಾಧನೆ ಎಲ್ಲ ಗಡಿಯ ಮೊದಲ ಒಂದು ಕಿಲೋಮೀಟರಿನೊಳಗೇ ಮುಗಿದುಹೋಯಿತು! ಉಳಿದ 81 ಕಿಲೋಮೀಟರ್ ಅನಂತರದ ಮೂವತ್ತಕ್ಕೂ ಕಡಿಮೆ ವರ್ಷಗಳದ್ದು.

ಅದಕ್ಕೆ ಕಾರಣ ಸಣ್ಣದು. 1996ರಲ್ಲಿ ಜಾರ್ಜ್ ವೋಲ್ಟ್‌ಮನ್ ಎಂಬ ಅಮೆರಿಕನ್ ಪ್ರೋಗ್ರಾಮರ್ ಒಂದು ತಂತ್ರಾಂಶ ಬರೆದು, ಬೇಕಾದವರು ತಮ್ಮ ಮನೆಯ ಕಂಪ್ಯೂಟರಿನಲ್ಲಿ ಓಡಿಸಿಕೊಳ್ಳಿ ಎಂದು ಬಿಟ್ಟುಕೊಟ್ಟ. ಹುಡುಕುವ ಕೆಲಸವನ್ನು ಜಗತ್ತಿನ ಆಸಕ್ತರು ಹಂಚಿಕೊಂಡರು. ಆ ಯೋಜನೆಯ ಹೆಸರು ಜಿಂಪ್ಸ್. 1999ರಲ್ಲಿ ನಯನ್ ಹಜರತ್‌ವಾಲಾ ಎಂಬವರ ಕಂಪ್ಯೂಟರಿಗೆ ಇಪ್ಪತ್ತು ಲಕ್ಷ ಅಂಕಿ ಮೀರಿದ ಅವಿಭಾಜ್ಯ ಸಿಕ್ಕಿತು. ನಮ್ಮ ಅಳತೆಯಲ್ಲಿ ಅದು ನಾಲ್ಕು ಕಿಲೋಮೀಟರ್, ಕುಂಜತ್ತೂರಿನ ಆಚೀಚೆ.

ಬಸ್ಸು ಸರ್ವಿಸ್ ರೋಡಿಗೆ ಇಳಿಯುತ್ತಾ, ಹತ್ತುತ್ತಾ ಹೊರಟಿತು. ಹೊಸ ಹೆದ್ದಾರಿಯ ಕಾಂಕ್ರೀಟ್ ಗೋಡೆಗಳಿಂದಾಗಿ ಹಳೆಯ ಪೇಟೆಗಳು ಮುಖ ಮುಚ್ಚಿಕೊಂಡಿವೆ. ಯಾವ ಊರು ಬಂತೆಂದು ಕಂಡಕ್ಟರನ ಬಾಯಿಂದಲೇ ಕೇಳಬೇಕು. ಮಂಜೇಶ್ವರ ಎಂದಾಗ ನೆಟ್ಟಗೆ ಕೂತೆ. ಗೋವಿಂದ ಪೈಗಳ ಊರು. ಪ್ರಾಸವನ್ನು ಬಿಟ್ಟು ಕಾವ್ಯ ಬರೆದು ಆ ಕಾಲಕ್ಕೆ ಗದ್ದಲ ಎಬ್ಬಿಸಿದ ಪೈಗಳು ತೀರಿಕೊಂಡದ್ದು 1963ರ ಸೆಪ್ಟೆಂಬರಿನಲ್ಲಿ. ಅದೇ ವರ್ಷ ಇಲಿನಾಯ್ ವಿಶ್ವವಿದ್ಯಾಲಯದ ಡೊನಾಲ್ಡ್ ಗಿಲ್ಲೀಸ್ ಆಗಿನ ಅತಿ ದೊಡ್ಡ ಅವಿಭಾಜ್ಯವನ್ನು ಕಂಡುಹಿಡಿದಿದ್ದರು. 3,376 ಅಂಕಿ. ವಿಭಾಗದವರಿಗೆ ಎಷ್ಟು ಹೆಮ್ಮೆಯೆಂದರೆ, ಹೊರಹೋಗುವ ಟಪಾಲಿನ ಮೇಲೆಲ್ಲ ‘2ರ 11213ನೇ ಘಾತದಿಂದ 1 ಕಳೆದದ್ದು ಅವಿಭಾಜ್ಯ’ ಎಂಬ ಮುದ್ರೆ ಒತ್ತಿ ಕಳಿಸುತ್ತಿದ್ದರು. ಪೈಗಳು ಕಣ್ಣು ಮುಚ್ಚುವಾಗ ಜಗತ್ತಿನ ಅತಿ ದೊಡ್ಡ ಅವಿಭಾಜ್ಯದ ಉದ್ದ ಏಳು ಮೀಟರಿಗಿಂತ ಕಡಿಮೆ. ಅವರ ಮನೆಯ ಜಗಲಿಯಲ್ಲೇ ಹಾಸಿಬಿಡಬಹುದಿತ್ತು.

ಉಪ್ಪಳದಲ್ಲಿ ನನ್ನ ಪರಿಚಯದ ಮಾಷ್ಟ್ರು ಹತ್ತಿದರು. ಕನ್ನಡ ಮಾಧ್ಯಮದಲ್ಲಿ ಗಣಿತ ಕಲಿಸಿ ನಿವೃತ್ತರಾದವರು, ತಾಳಮದ್ದಳೆಯಲ್ಲಿ ಅರ್ಥ ಹೇಳುವವರು. ಕಾಸರಗೋಡಿನವರೆಗೆ ಜೊತೆ ಬರುತ್ತೇನೆಂದು ಮೊದಲೇ ಹೇಳಿದ್ದರು. ನಾನು ಉತ್ಸಾಹದಿಂದ ಸಂಖ್ಯೆಯ ಕಥೆ ಶುರು ಮಾಡಿದೆ. ಎರಡರ ಘಾತ, ಅದರಿಂದ ಒಂದು ಕಳೆಯುವುದು, ಅದನ್ನು ದಾರಿಯ ಉದ್ದಕ್ಕೆ ಹಾಸುವುದು. ಮಾಷ್ಟ್ರು ಕಿಟಕಿಯ ಹೊರಗೆ ನೋಡುತ್ತಾ ಕೇಳಿದರು. ಆಮೇಲೆ, “ಇದು ನಮ್ಮಲ್ಲಿ ಉಂಟಲ್ಲ ಮಾರಾಯ್ರೆ” ಅಂದರು.

“ಎಂತದು ಮಾಷ್ಟ್ರೇ ಉಂಟು?”

“ಅಧ್ವಯೋಗ. ಛಂದಸ್ಸಿನ ಷಟ್ಪ್ರತ್ಯಯಗಳಲ್ಲಿ ಆರನೆಯದ್ದು.”

ಆ ಆರರಲ್ಲಿ ಒಂದಾದ ಪ್ರಸ್ತಾರ ನನಗೆ ಗೊತ್ತಿತ್ತು. ಒಂದು ಪಾದದಲ್ಲಿ ಮೂರು ಅಕ್ಷರ ಇದ್ದರೆ, ಪ್ರತಿಯೊಂದೂ ಗುರುವೋ ಲಘುವೋ ಆಗಬಹುದು. ಎಲ್ಲ ಬಗೆಗಳನ್ನು ಸಾಲಾಗಿ ಬರೆದರೆ ಎಂಟು ಸಾಲು. ಅವೇ ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದ ಯಗಣ, ಮಗಣ, ತಗಣ ಮುಂತಾದ ಎಂಟು ಗಣಗಳು. ಅಕ್ಷರ ಒಂದು ಹೆಚ್ಚಾದ ಹಾಗೆ ಸಾಲುಗಳು ಎರಡು ಪಟ್ಟಾಗುತ್ತವೆ. ಪಿಂಗಳನಿಂದ ಹಿಡಿದು ನಮ್ಮ ನಾಗವರ್ಮನ ಛಂದೋಂಬುಧಿಯವರೆಗೆ ಛಂದಸ್ಸಿನ ಶಾಸ್ತ್ರಕಾರರು ಇದರ ಬೆನ್ನು ಹತ್ತಿದವರೇ. ಆದರೆ ಅಧ್ವಯೋಗ ಎಂಬುದನ್ನು ನಾನು ಹೆಸರು ಕೇಳಿ ಬಿಟ್ಟಿದ್ದೆ ಅಷ್ಟೆ.

ಮಾಷ್ಟ್ರು ಅಂಗೈಯ ಮೇಲೆ ಬೆರಳಿಟ್ಟು ತೋರಿಸಿದರು. ಪ್ರಸ್ತಾರವನ್ನು ನೆಲದ ಮೇಲೆ ಬರೆಯುವುದಾದರೆ ಎಷ್ಟು ಜಾಗ ಬೇಕು? ಒಂದೊಂದು ಸಾಲಿಗೆ ಒಂದು ಅಂಗುಲ. ಸಾಲು ಸಾಲಿನ ನಡುವೆ ಒಂದು ಅಂಗುಲ ಖಾಲಿ. ಎಂಟು ಸಾಲಿಗೆ ಎಂಟು ಅಂಗುಲ, ನಡುವೆ ಏಳು, ಒಟ್ಟು ಹದಿನೈದು. ನಾಲ್ಕು ಅಕ್ಷರದ ಛಂದಸ್ಸಿಗೆ ಹದಿನಾರು ಸಾಲು, ನಡುವೆ ಹದಿನೈದು, ಒಟ್ಟು ಮೂವತ್ತೊಂದು. ಸಾಲುಗಳ ಸಂಖ್ಯೆಯನ್ನು ಎರಡು ಪಟ್ಟು ಮಾಡಿ ಒಂದು ಕಳೆದರೆ ಆಯಿತು. ಕೇದಾರಭಟ್ಟನ ವೃತ್ತರತ್ನಾಕರದಲ್ಲಿ ಈ ಲೆಕ್ಕ ಇದೆ.

ನನಗೆ ಮೈ ಜುಮ್ಮೆಂದಿತು. ಎರಡು ಪಟ್ಟು ಮಾಡಿ ಒಂದು ಕಳೆಯುವುದು ಎಂದರೆ ಎರಡರ ಮುಂದಿನ ಘಾತದಿಂದ ಒಂದು ಕಳೆಯುವುದು. ಫ್ರಾನ್ಸಿನ ಪಾದ್ರಿ ಹುಟ್ಟುವ ಎಷ್ಟೋ ಮೊದಲೇ, ಅವನ ಹೆಸರು ಹೊತ್ತ ಸಂಖ್ಯೆಗಳನ್ನು ನಮ್ಮ ಛಂದಸ್ಸಿನವರು ದಾರಿಯ ಅಳತೆಯಾಗಿ ಬಳಸಿದ್ದರು! ಅವು ಅವಿಭಾಜ್ಯವೇ ಎಂದು ಅವರು ಕೇಳಿದ್ದಕ್ಕೆ ನನಗೆ ಆಧಾರ ಕಂಡಿಲ್ಲ, ಅದನ್ನು ಅವರ ಮೇಲೆ ಹೊರಿಸುವುದೂ ಸರಿಯಲ್ಲ. ಆದರೆ ಸಂಖ್ಯೆಯನ್ನು ನೆಲದ ಮೇಲೆ ಹಾಸಿ ಅಳೆಯುವ ಹುಚ್ಚು ನನ್ನೊಬ್ಬನದಲ್ಲ ಎಂದು ಗೊತ್ತಾಗಿ ದೊಡ್ಡ ಸಮಾಧಾನವಾಯಿತು. ಅಂಗುಲವನ್ನು ಮುಕ್ಕಾಲು ಇಂಚು ಎಂದು ಹಿಡಿದು ಅಲ್ಲೇ ಗುಣಿಸಿದೆವು. ಹದಿನೆಂಟು ಅಕ್ಷರದ ‘ಧೃತಿ’ ವರ್ಗದ ಪ್ರಸ್ತಾರಕ್ಕೆ 5,24,287 ಅಂಗುಲ ಬೇಕು, ಅಂದರೆ ಹತ್ತು ಕಿಲೋಮೀಟರ್. ಆ 5,24,287 ಅವಿಭಾಜ್ಯ. 1588ರಲ್ಲಿ ಇಟಲಿಯ ಕಟಾಲ್ಡಿ ಅದನ್ನು ಸಾಧಿಸಿದ. ನಾನು ಬೆನ್ನು ಹತ್ತಿರುವ ಸಂಖ್ಯೆಯೋ, 13,62,79,840 ಅಕ್ಷರದ ಪಾದವೊಂದಿದ್ದರೆ ಅದರ ಅಧ್ವ, ಎಂದರೆ ದಾರಿ. ಅದನ್ನು ಹಾಸಲು ಈ ಬ್ರಹ್ಮಾಂಡ ಸಾಲದು. ಅದರ ಹೆಸರನ್ನು ಬರೆಯಲು ಮಾತ್ರ ಕಾಸರಗೋಡು ಜಿಲ್ಲೆ ಸಾಕು.

ಶಿರಿಯ ಹೊಳೆ ದಾಟುವಾಗ ಮಾಷ್ಟ್ರು ಹುರುಪಿಗೆ ಬಂದಿದ್ದರು. ಶಾಸ್ತ್ರದಲ್ಲಿ ಒಂದಕ್ಷರದಿಂದ ಇಪ್ಪತ್ತಾರು ಅಕ್ಷರದವರೆಗೆ ಇಪ್ಪತ್ತಾರು ಛಂದಸ್ಸುಗಳು. ಒಂದನ್ನು ಬಿಟ್ಟರೆ, ಅಕ್ಷರಸಂಖ್ಯೆ ಅವಿಭಾಜ್ಯ ಅಲ್ಲದಿದ್ದರೆ ಎರಡರ ಆ ಘಾತದಿಂದ ಒಂದು ಕಳೆದದ್ದು ಖಂಡಿತ ಒಡೆಯುತ್ತದೆ. ಆರು ಅಕ್ಷರ ತೆಗೆದುಕೊಳ್ಳಿ: 64ರಿಂದ 1 ಕಳೆದರೆ 63, ಮೂರಕ್ಕೂ ಏಳಕ್ಕೂ ಹೋಗುತ್ತದೆ. ಹಾಗಾಗಿ 2, 3, 5, 7, 11, 13, 17, 19, 23 ಮಾತ್ರ ಉಳಿದವು. ಆದರೆ ಅಕ್ಷರಸಂಖ್ಯೆ ಅವಿಭಾಜ್ಯವಾದರೆ ಸಾಲದು. ಇಂದ್ರವಜ್ರ, ಉಪೇಂದ್ರವಜ್ರಗಳ ಹನ್ನೊಂದು ಅಕ್ಷರದ ತ್ರಿಷ್ಟುಪ್ಪಿನಲ್ಲಿ 2,048 ಬಗೆ; ಒಂದು ಕಳೆದರೆ 2,047, ಅದು 23ನ್ನು 89ರಿಂದ ಗುಣಿಸಿದ್ದು. ಇಪ್ಪತ್ತಮೂರು ಅಕ್ಷರದ್ದೂ ಹಾಗೇ, 47ಕ್ಕೆ ಒಡೆಯುತ್ತದೆ. ಉಳಿದ ಏಳೂ ಗಟ್ಟಿ. “ನಮ್ಮ ಖ್ಯಾತ ಕರ್ನಾಟಕ ವೃತ್ತಗಳು ಆರರಲ್ಲಿ ಗಟ್ಟಿ ಯಾವುದು ಹೇಳಿ ನೋಡುವ” ಅಂದರು. ಉತ್ಪಲಮಾಲೆ ಮತ್ತೇಭಗಳಿಗೆ ಇಪ್ಪತ್ತು, ಚಂಪಕಮಾಲೆ ಸ್ರಗ್ಧರೆಗಳಿಗೆ ಇಪ್ಪತ್ತೊಂದು, ಮಹಾಸ್ರಗ್ಧರೆಗೆ ಇಪ್ಪತ್ತೆರಡು. ಹತ್ತೊಂಬತ್ತು ಅಕ್ಷರದ ಶಾರ್ದೂಲವಿಕ್ರೀಡಿತ ಒಂದೇ! ಪಂಪ ರನ್ನರ ಕಾವ್ಯದಲ್ಲಿ ಶಾರ್ದೂಲ ಎದುರಾದಾಗ ಇನ್ನು ಮುಂದೆ ನಾನು ಸುಮ್ಮನೆ ದಾಟಿಹೋಗಲಾರೆ.

ಇನ್ನೊಂದು ಸ್ವಾರಸ್ಯ. ಇಪ್ಪತ್ತಾರೂ ಛಂದಸ್ಸುಗಳ ಎಲ್ಲ ಬಗೆಗಳನ್ನು ಕೂಡಿಸಿದರೆ 13,42,17,726. ನಮ್ಮ ಸಂಖ್ಯೆಯ ಘಾತಾಂಕ 13,62,79,841. ಎರಡೂ ಹದಿಮೂರು ಕೋಟಿಯ ನೆರೆಹೊರೆ. ಕಾಕತಾಳೀಯ, ಬೇರೇನೂ ಅಲ್ಲ. ಆದರೂ ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆಯಲ್ಲಿ ಬಸ್ಸು ನಿಂತಾಗ ಇದು ಹೊಳೆದದ್ದರಿಂದ ಹೇಳದೆ ಇರಲಾರೆ.

ಕುಂಬಳೆಗೆ ಬರುವಾಗ ನಾವು ಸಂಖ್ಯೆಯ ಒಂದು ಕೋಟಿಯ ಆಸುಪಾಸಿನ ಅಂಕಿಯ ಮೇಲಿದ್ದೆವು. ಅಲ್ಲಿರುವ ಅಂಕಿ ಯಾವುದು? ಮೊದಲಿನವು ಕಾಗದದ ಮೇಲೆ ಸಿಗುತ್ತವೆ, ಕೊನೆಯವೂ ಸಿಗುತ್ತವೆ. ನಡುವಿನದ್ದಕ್ಕೆ ಸುಲಭದ ದಾರಿಯಿಲ್ಲ; ಇಡೀ ಸಂಖ್ಯೆಯನ್ನು ಕಟ್ಟಿಯೇ ನೋಡಬೇಕು. ಕಟ್ಟುವ ಕ್ರಮವನ್ನು ಪಿಂಗಳನೇ ಹೇಳಿದ್ದಾನೆ: ಘಾತ ಸಮವಾಗಿದ್ದರೆ ಅರ್ಧ ಮಾಡು, ಬೆಸವಾಗಿದ್ದರೆ ಒಂದು ಕಳೆ, ತಿರುಗಿ ಬರುವಾಗ ಅರ್ಧ ಮಾಡಿದಲ್ಲಿ ವರ್ಗ, ಕಳೆದಲ್ಲಿ ಇಮ್ಮಡಿ. ಹದಿಮೂರು ಕೋಟಿ ಸಲ ಗುಣಿಸುವ ಬದಲು 27 ವರ್ಗಗಳು, ನಡುನಡುವೆ ಕೆಲವು ಇಮ್ಮಡಿ, ಅಷ್ಟರಲ್ಲೇ ಸಂಖ್ಯೆ ತಯಾರು. ಇಂದಿಗೂ ಕಂಪ್ಯೂಟರುಗಳು ಘಾತ ಲೆಕ್ಕ ಹಾಕುವುದು ಈ ಕ್ರಮದಲ್ಲೇ.

ಕಾಸರಗೋಡಿನ ಹೊಸ ಬಸ್ ನಿಲ್ದಾಣದ ಬಳಿ ಇಳಿದೆವು. 2013ರ ದಾಖಲೆ, 1,74,25,170 ಅಂಕಿಯದ್ದು, ಹೆಚ್ಚುಕಡಿಮೆ ಈ ಪೇಟೆಯಲ್ಲೇ ಮುಗಿಯುತ್ತದೆ. ಹೋಟೆಲಿಗೆ ಹೋಗಿ ಚಾ ಹೇಳಿ, ಬಿಲ್ಲಿನ ಹಿಂಬದಿಯಲ್ಲಿ ಒಂದು ಕೆಲಸ ಮಾಡಿದೆವು. ಅಷ್ಟುದ್ದದ ಸಂಖ್ಯೆ ಅವಿಭಾಜ್ಯ ಎಂದು ಹೇಗೆ ಗೊತ್ತಾಯಿತು ಎಂಬುದು ಮಾಷ್ಟ್ರ ಪ್ರಶ್ನೆ. ಒಂದೊಂದೇ ಭಾಜಕ ಹಾಕಿ ನೋಡಲು ಯುಗಗಳೂ ಸಾಲವು. ಅದಕ್ಕೆ ಲ್ಯುಕಾನಿಗೆ ಹೊಳೆದು, ಆಮೇಲೆ ಡೆರಿಕ್ ಲೆಹ್ಮರ್ ತಿದ್ದಿದ ಒಂದು ಪರೀಕ್ಷೆ ಇದೆ. ನಾಲ್ಕರಿಂದ ಶುರು. ಇರುವುದನ್ನು ವರ್ಗ ಮಾಡು, ಎರಡು ಕಳೆ, ನಮ್ಮ ಸಂಖ್ಯೆಯಿಂದ ಭಾಗಿಸಿ ಶೇಷ ಇಟ್ಟುಕೋ. ಘಾತಾಂಕಕ್ಕಿಂತ ಎರಡು ಕಡಿಮೆ ಸಲ ಹೀಗೆ ಮಾಡಿದ ಮೇಲೆ ಶೇಷ ಸೊನ್ನೆ ಬಂದರೆ ಅವಿಭಾಜ್ಯ, ಬರದಿದ್ದರೆ ಅಲ್ಲ.

31ಕ್ಕೆ ಹಾಕಿದೆವು. ಅದು 2ರ ಐದನೇ ಘಾತದಿಂದ ಒಂದು ಕಡಿಮೆ, ಹಾಗಾಗಿ ಮೂರು ಸಲ ಸಾಕು. 4ರ ವರ್ಗ 16, ಎರಡು ಕಳೆದರೆ 14. 14ರ ವರ್ಗ 196, ಎರಡು ಕಳೆದರೆ 194, 31ರಿಂದ ಭಾಗಿಸಿದರೆ ಶೇಷ 8. 8ರ ವರ್ಗ 64, ಎರಡು ಕಳೆದರೆ 62. ಅದು 31ರ ಇಮ್ಮಡಿ. ಶೇಷ ಸೊನ್ನೆ! ಮಾಷ್ಟ್ರು ಬಿಲ್ಲನ್ನು ತಮ್ಮ ಕಡೆಗೆ ಎಳೆದುಕೊಂಡು 2,047ಕ್ಕೂ ಹಾಕಿದರು. 4, 14, 194, 788, 701, 119, 1877, 240, 282, ಕೊನೆಗೆ 1736. ಸೊನ್ನೆ ಬರಲಿಲ್ಲ. “ಸೋತಿತು” ಅಂದರು. 23, 89 ಎಂಬ ಭಾಜಕಗಳ ಸುದ್ದಿಯೇ ಈ ಲೆಕ್ಕದಲ್ಲಿ ಎಲ್ಲೂ ಬರಲಿಲ್ಲ ಗಮನಿಸಿ. ಒಡೆಯುತ್ತದೆ ಎಂದು ಗೊತ್ತಾಯಿತು, ಎಲ್ಲಿ ಒಡೆಯುತ್ತದೆ ಎಂದಲ್ಲ. 2ರ 67ನೇ ಘಾತದಿಂದ ಒಂದು ಕಳೆದದ್ದು ಅವಿಭಾಜ್ಯವಲ್ಲ ಎಂದು ಲ್ಯುಕಾ 1876ರಲ್ಲೇ ತೋರಿಸಿದ್ದ. ಅದರ ಎರಡು ತುಂಡುಗಳು, 19,37,07,721 ಮತ್ತು 76183,82,57,287, ಫ್ರಾಂಕ್ ಕೋಲ್ ಎಂಬವರ ಕೈಗೆ ಸಿಕ್ಕಿ 1903ರಲ್ಲಿ ಗಣಿತಜ್ಞರ ಸಭೆಯ ಮುಂದೆ ಬಂದವು.

ಹೊರಡುವ ಮೊದಲು ಮಾಷ್ಟ್ರು ಇನ್ನೊಂದು ಲೆಕ್ಕ ಬಾಯಲ್ಲೇ ಮಾಡಿದರು. 2ರ ಆರನೇ ಘಾತ 64, ಒಂಬತ್ತರಿಂದ ಭಾಗಿಸಿದರೆ ಶೇಷ ಒಂದು. ನಮ್ಮ ಘಾತಾಂಕವನ್ನು ಆರರಿಂದ ಭಾಗಿಸಿದರೆ ಶೇಷ ಐದು. 2ರ ಐದನೇ ಘಾತ 32, ಒಂದು ಕಳೆದರೆ 31, ಮೂರೂ ಒಂದೂ ನಾಲ್ಕು. “ನಿಮ್ಮ ದಾರಿಯಲ್ಲಿರುವ ಅಂಕಿಗಳನ್ನೆಲ್ಲ ಕೂಡಿಸಿ, ಬಂದದ್ದರ ಅಂಕಿಗಳನ್ನು ಮತ್ತೆ ಕೂಡಿಸಿ, ಒಂದಂಕಿ ಆಗುವವರೆಗೆ. ಕೊನೆಗೆ ನಾಲ್ಕೇ ಉಳಿಯಬೇಕು. ಉಳಿಯದಿದ್ದರೆ ನೀವು ಎಲ್ಲೋ ಅಂಕಿ ಬೀಳಿಸಿದ್ದೀರಿ ಅಂತ ಲೆಕ್ಕ” ಎಂದು ನಗಾಡಿದರು.

ಕಾಸರಗೋಡಿನಿಂದ ಕಾಞಂಗಾಡಿಗೆ ಎರಡು ದಾರಿ. ಚಂದ್ರಗಿರಿ ಸೇತುವೆಯ ಮೇಲೆ ಬೇಕಲ ಕೋಟೆಯ ಪಕ್ಕದಿಂದ ಹೋಗುವ ಕಡಲ ದಾರಿ ಚಂದ. ನನ್ನ ಸಂಖ್ಯೆ ಹೆದ್ದಾರಿಯಲ್ಲಿ ಹೋಗುತ್ತಿದ್ದುದರಿಂದ ನಾನೂ ಚೆರ್ಕಳದ ಬಸ್ಸು ಹತ್ತಿದೆ. ಚೆರ್ಕಳ ದಾಟಿದ ಮೇಲೆ ರಸ್ತೆ ಗುಡ್ಡ ಕಡಿದುಕೊಂಡು ಇಳಿದು ತೆಕ್ಕಿಲಿನಲ್ಲಿ ಚಂದ್ರಗಿರಿ ಹೊಳೆ ದಾಟುತ್ತದೆ. ಬದಿಯಲ್ಲಿ ಕಡಿದ ಮಣ್ಣಿನ ಗೋಡೆ, ಮುರಕಲ್ಲಿನ ಕೆಂಪು. ಹಳೆಯವರಿಗೆ ಹೊಳೆಯ ಈಚೆ ತುಳುನಾಡು, ಆಚೆ ಮಲೆಯಾಳ.

ಹೊಳೆಯಾಚೆಗೆ ಸಂಖ್ಯೆಯೂ ಹೊಸ ಸೀಮೆಗೆ ಕಾಲಿಡುತ್ತದೆ. 2018ರ ದಾಖಲೆಯಲ್ಲಿದ್ದದ್ದು 2,48,62,048 ಅಂಕಿ, ಸುಮಾರು 50 ಕಿಲೋಮೀಟರ್. ಪೊಯಿನಾಚಿಯ ಆಸುಪಾಸಿನಲ್ಲಿ ಅದು ಮುಗಿಯುತ್ತದೆ. ಮುಂದೆ ಆರು ವರ್ಷ ಯಾರಿಗೂ ದಾಟಲಾಗಲಿಲ್ಲ. ದಾಟಿದವನು ಲ್ಯೂಕ್ ಡ್ಯುರಾಂಟ್, ಎನ್‌ವಿಡಿಯಾ ಕಂಪನಿಯ ಮಾಜಿ ಉದ್ಯೋಗಿ, ಆಗ ವಯಸ್ಸು 36. ಮನೆಯ ಕಂಪ್ಯೂಟರು ಬಿಟ್ಟು, 17 ದೇಶಗಳ ಡೇಟಾ ಸೆಂಟರುಗಳಲ್ಲಿರುವ ಗ್ರಾಫಿಕ್ಸ್ ಚಿಪ್ಪುಗಳನ್ನು ಬಾಡಿಗೆಗೆ ಹಿಡಿದ. 2024ರ ಅಕ್ಟೋಬರ್ 11ರಂದು ಡಬ್ಲಿನ್ನಿನ ಒಂದು ಚಿಪ್ಪು, ಇದು ಅವಿಭಾಜ್ಯ ಇರಬಹುದು ಎಂದಿತು. ಮರುದಿನ ಟೆಕ್ಸಾಸಿನ ಸ್ಯಾನ್ ಆಂಟೋನಿಯೊದ ಇನ್ನೊಂದು ಚಿಪ್ಪು ಲ್ಯುಕಾ–ಲೆಹ್ಮರ್ ಪರೀಕ್ಷೆ ಮುಗಿಸಿ ಹೌದೆಂದಿತು. ನಾವು ಬಿಲ್ಲಿನ ಹಿಂದೆ ಮೂರು ಸಲ ಮಾಡಿದ್ದನ್ನು ಅದು ಹದಿಮೂರೂವರೆ ಕೋಟಿಗೂ ಹೆಚ್ಚು ಸಲ ಮಾಡಿತ್ತು, ಒಂದೊಂದು ಸಲವೂ ಈ ದಾರಿಯುದ್ದದ ಸಂಖ್ಯೆಯ ವರ್ಗ. ಎಲ್ಲೋ ಒಂದು ಅಂಕಿ ತಪ್ಪಿದ್ದರೂ ಕೊನೆಯ ಸೊನ್ನೆ ಬರುತ್ತಿರಲಿಲ್ಲ. ಬೇರೆ ಬೇರೆ ಯಂತ್ರ, ಬೇರೆ ಬೇರೆ ತಂತ್ರಾಂಶಗಳಲ್ಲಿ ಮತ್ತೆ ಪರೀಕ್ಷಿಸಿ, ಅಕ್ಟೋಬರ್ 21ರಂದು ಜಗತ್ತಿಗೆ ಹೇಳಿದರು. ಬಹುಮಾನ 3,000 ಡಾಲರ್. ಅದನ್ನು ತಾನು ಓದಿದ ಅಲಬಾಮಾದ ಶಾಲೆಯ ಗಣಿತ ವಿಭಾಗಕ್ಕೆ ಕೊಡುವುದಾಗಿ ಡ್ಯುರಾಂಟ್ ಹೇಳಿದ.

ಪೆರಿಯದಲ್ಲಿ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯದ ಮಕ್ಕಳು ಗುಂಪಾಗಿ ಹತ್ತಿದರು. ಅವರಲ್ಲಿ ಗಣಿತ ವಿಭಾಗದವರು ಇದ್ದರೋ ಏನೋ, ಕೇಳಲಿಲ್ಲ. ಎಲ್ಲರ ಕೈಯಲ್ಲೂ ಫೋನು. ವಾಟ್ಸ್ಆ್ಯಪ್ ಸಂದೇಶಗಳನ್ನು ಮುಚ್ಚಿಡುವ ಬೀಗದ ಹಿಂದೆಯೂ ಒಂದು ಅವಿಭಾಜ್ಯ ಸಂಖ್ಯೆ ಇದೆ: 2ರ 255ನೇ ಘಾತದಿಂದ 19 ಕಳೆದದ್ದು. ಅದರಲ್ಲಿ 77 ಅಂಕಿ, ನಮ್ಮ ಅಳತೆಯಲ್ಲಿ ಹದಿನೈದು ಸೆಂಟಿಮೀಟರ್. ಜಗತ್ತಿನ ಗುಟ್ಟುಗಳಿಗೆ ಒಂದು ಗೇಣಿಗಿಂತ ಕಡಿಮೆ ಸಾಕು. ಉಳಿದ ದಾರಿಯ ಸಂಖ್ಯೆಯಿಂದ ಏನು ಉಪಯೋಗ ಎಂದು ಯಾರಾದರೂ ಕೇಳಿದರೆ, ಸದ್ಯಕ್ಕೆ ಏನೂ ಇಲ್ಲ ಎಂದೇ ಹೇಳಬೇಕು. ಹುಡುಕುವಾಗ ಕಲಿತ ವೇಗದ ಗುಣಾಕಾರ, ದೋಷ ಕಂಡುಬಂದ ಚಿಪ್ಪುಗಳು, ಇವೆಲ್ಲ ಲಾಭದ ಲೆಕ್ಕಕ್ಕೆ ಬರುತ್ತವೆ. ನನಗೆ ಆ ವಕಾಲತ್ತು ಬೇಡ. ಇಷ್ಟು ಉದ್ದದ್ದು ಎಲ್ಲೂ ಒಡೆಯುವುದಿಲ್ಲ ಎಂಬುದೇ ಸಾಕಾಗುವಷ್ಟು ಸೋಜಿಗ.

ಅದಕ್ಕಿಂತಲೂ ಸೋಜಿಗವೆಂದರೆ, ದಾರಿಯಲ್ಲಿ ಎಲ್ಲಿ ಇಳಿದು ನೋಡಿದರೂ ಅದರ ಈ ಗುಣ ಕಾಣಿಸುವುದಿಲ್ಲ. ಮೊಗ್ರಾಲಿನ ಅಂಕಿಗಳಲ್ಲಿ ಇಲ್ಲ, ಕಾಞಂಗಾಡಿನ ಅಂಕಿಗಳಲ್ಲೂ ಇಲ್ಲ. ಆ ಅಂಕಿಗಳಲ್ಲಿ ಒಂದನ್ನು ಯಾರಾದರೂ ಬದಲಿಸಿದರೆ ಬರುವ ಹೊಸ ಸಂಖ್ಯೆ ಅವಿಭಾಜ್ಯವೇ ಆಗಿದ್ದರೂ ಸಾಧಿಸಿ ತೋರಿಸುವ ದಾರಿ ಇವತ್ತಿಗೆ ನಮ್ಮಲ್ಲಿಲ್ಲ. ಲ್ಯುಕಾನ ಪರೀಕ್ಷೆ ಎರಡರ ಘಾತದಿಂದ ಒಂದು ಕಳೆದದ್ದಕ್ಕೆ ಮಾತ್ರ. ಯಾವುದೇ ಸಂಖ್ಯೆಗೆ ಸಲ್ಲುವ, ತಾತ್ವಿಕವಾಗಿ ವೇಗದ ಪರೀಕ್ಷೆಯನ್ನು 2002ರಲ್ಲಿ ಕಾನ್ಪುರ ಐಐಟಿಯ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಕೊಟ್ಟು ಜಗತ್ತನ್ನೇ ಬೆರಗುಗೊಳಿಸಿದರು; ಆದರೆ ನಿಜವಾಗಿ ಮಾಡಲು ಹೊರಟರೆ, ವಿಶೇಷ ರೂಪವಿಲ್ಲದ ಸಂಖ್ಯೆಗಳಲ್ಲಿ ಲಕ್ಷ ಅಂಕಿಯ ಆಸುಪಾಸಿಗೆ ಹೋಗುವುದೇ ಇವತ್ತಿಗೂ ಸಾಹಸ. ಅದು ಇನ್ನೂರು ಮೀಟರ್.

ನೀಲೇಶ್ವರ ಬಂತು. ಬಸ್ಸು ಕಾರ್ಯಂಗೋಡು ಹೊಳೆ ದಾಟಿತು, ಎಡಕ್ಕೆ ಬಲಕ್ಕೆ ತೆಂಗು. ಮುಂದೆ ವೀರಮಲೆ ಗುಡ್ಡ, 2025ರ ಮಳೆಗಾಲದಲ್ಲಿ ಹೆದ್ದಾರಿಯ ಮೇಲೆ ಕುಸಿದದ್ದು. ಚೆರ್ವತ್ತೂರಿನಲ್ಲಿ ಇಳಿದೆ. ಇಲ್ಲಿ ಸಂಖ್ಯೆ 1551 ಎಂದು ಮುಗಿಯುತ್ತದೆ. ಕೊನೆಯ ಒಂದನ್ನು ಮಕ್ಕಳೂ ಹೇಳಬಲ್ಲರು: ಎರಡರ ಘಾತಗಳ ಬಿಡಿಸ್ಥಾನ 2, 4, 8, 6 ಎಂದು ಸುತ್ತುತ್ತದೆ, ಘಾತಾಂಕವನ್ನು ನಾಲ್ಕರಿಂದ ಭಾಗಿಸಿದರೆ ಶೇಷ ಒಂದು, ಹಾಗಾಗಿ ಬಿಡಿಸ್ಥಾನ 2, ಒಂದು ಕಳೆದರೆ 1.

ನೆರೆಮನೆಯವರು ಯಾರು ಎಂದೂ ನೋಡಿದೆ. ಒಂದು ಕೂಡಿಸಿದರೆ ಬರೀ ಎರಡುಗಳಿಂದಾದ ಸಂಖ್ಯೆ. ಇನ್ನೊಂದು ಕೂಡಿಸಿದರೆ ಮೂರಕ್ಕೆ ಹೋಗುತ್ತದೆ. ಈ ಗಾತ್ರದ ಸಂಖ್ಯೆಗಳ ನಡುವೆ ಸರಾಸರಿ ಒಂಬತ್ತು ಕೋಟಿ ನಲವತ್ತು ಲಕ್ಷಕ್ಕೆ ಒಂದು ಅವಿಭಾಜ್ಯ. ಅಂದರೆ ಇದರ ಆಚೀಚೆ ಖಂಡಿತ ಇವೆ, ಲೆಕ್ಕವಿಲ್ಲದಷ್ಟು. ಒಂದನ್ನೂ ನಾವು ಹೆಸರು ಹಿಡಿದು ತೋರಿಸಲಾರೆವು.

ಇದಕ್ಕೆ ಅಂಟಿಕೊಂಡ ಇನ್ನೊಂದು ಸಂಖ್ಯೆಯೂ ಇದೆ. ಅದೇ ಸಂಖ್ಯೆಯನ್ನು ಬಿಟ್ಟು 6ರ ಭಾಜಕಗಳು 1, 2, 3, ಕೂಡಿಸಿದರೆ 6. 28ಕ್ಕೆ 1, 2, 4, 7, 14, ಕೂಡಿಸಿದರೆ 28. ಇವು ಪರಿಪೂರ್ಣ ಸಂಖ್ಯೆಗಳು. ಪ್ರತಿ ಮರ್ಸೆನ್ ಅವಿಭಾಜ್ಯವೂ ಒಂದು ಪರಿಪೂರ್ಣ ಸಂಖ್ಯೆಯನ್ನು ಕೊಡುತ್ತದೆ ಎಂದು ತೋರಿಸಿದವನು ಯೂಕ್ಲಿಡ್. ನಮ್ಮ ಅವಿಭಾಜ್ಯ ಕೊಡುವ ಪರಿಪೂರ್ಣ ಸಂಖ್ಯೆಗೆ 8,20,48,640 ಅಂಕಿ, 164 ಕಿಲೋಮೀಟರ್. ಅದು ಕಣ್ಣೂರನ್ನೂ ದಾಟಿ ವಟಕರದ ಸುತ್ತಿನ ಕಡತ್ತನಾಡು ಸೀಮೆಗೆ ಹೋಗುತ್ತದೆ. ಅಲ್ಲಿನ ಅರಮನೆಯ ಶಂಕರವರ್ಮ 1819ರಲ್ಲಿ ಸದ್ರತ್ನಮಾಲೆ ಬರೆದು ಪೈ ಬೆಲೆಯನ್ನು 17 ದಶಮಾಂಶ ಸ್ಥಾನಗಳವರೆಗೆ ಕೊಟ್ಟವನು. ಅಲ್ಲಿಗೆ ಇನ್ನೊಮ್ಮೆ ಹೋಗುವ.

ಈ ಸಂಖ್ಯೆ ಮರ್ಸೆನ್ ಅವಿಭಾಜ್ಯಗಳಲ್ಲಿ ಗೊತ್ತಿರುವ 52ನೆಯದು. ಆದರೆ ಇದಕ್ಕಿಂತ ಚಿಕ್ಕ ಘಾತಾಂಕಗಳ ಪರೀಕ್ಷೆ ಪೂರ್ತಿ ಮುಗಿದಿಲ್ಲವಾದ್ದರಿಂದ, ಪೊಯಿನಾಚಿಗೂ ಚೆರ್ವತ್ತೂರಿಗೂ ನಡುವೆ ಮುಗಿಯುವ ಇನ್ನೊಂದು ತಪ್ಪಿಸಿಕೊಂಡು ಕೂತಿರಲೂಬಹುದು. ಹತ್ತು ಕೋಟಿ ಅಂಕಿಯ ಮೊದಲ ಅವಿಭಾಜ್ಯಕ್ಕೆ 1,50,000 ಡಾಲರ್ ಬಹುಮಾನ ಕಾದಿದೆ. ಅದು ಸಿಕ್ಕರೆ ತಲಪಾಡಿಯಿಂದ 200 ಕಿಲೋಮೀಟರ್, ಕೋಝಿಕ್ಕೋಡಿನ ಹತ್ತಿರಕ್ಕೆ. ವೋಲ್ಟ್‌ಮನ್ನನ ತಂತ್ರಾಂಶಕ್ಕೆ ಪ್ರೈಮ್95 ಎಂದು ಹೆಸರು, ಬೆಲೆ ಇಲ್ಲ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ನಮ್ಮ ಕನ್ನಡ ಮಾಧ್ಯಮ ಶಾಲೆಗಳ ಗಣಿತದ ಮಾಷ್ಟ್ರುಗಳೇ, ಟೀಚರುಗಳೇ, ಲ್ಯಾಬಿನಲ್ಲಿ ರಜೆಯಲ್ಲಿ ಸುಮ್ಮನೆ ಕೂತಿರುವ ಒಂದು ಕಂಪ್ಯೂಟರಿಗೆ ಅದನ್ನು ಹಾಕಿ, ಮಕ್ಕಳ ಹೆಸರಿಗೆ ಒಂದು ಘಾತಾಂಕ ಬರೆಸಿಕೊಳ್ಳಿ.